ಟೆಸ್ಟೋಸ್ಟೆರಾನ್ ಟೆಸ್ಟ್ ಬರೆದುಕೊಟ್ಟಿದ್ದಾರೆ, ಮಾಡಿಸಿದವರು ಹೇಳಿ

ಪ್ರಶ್ನೆ: ವಯಸ್ಸು 27. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ, ಗದ್ದದಲ್ಲಿ ಗಟ್ಟಿ ಕೂದಲು. ಡಾಕ್ಟರು ಟೆಸ್ಟೋಸ್ಟೆರಾನ್, ಎಸ್‌ಎಚ್‌ಬಿಜಿ, ಡಿಎಚ್‌ಇಎ-ಎಸ್ ಬರೆದಿದ್ದಾರೆ. ಯಾವತ್ತು ಹೋಗಬೇಕು? ಖಾಲಿ ಹೊಟ್ಟೆನಾ? ಗಂಡಸರ ಹಾರ್ಮೋನು ನಿನಗ್ಯಾಕೆ ಅಂತ ಅಮ್ಮ ಬೇರೆ ಗಾಬರಿಯಾಗಿದ್ದಾರೆ.

ಉತ್ತರ 1: ಅಮ್ಮನಿಗೆ ಹೇಳಿ, ಅದು ಎಲ್ಲ ಹೆಂಗಸರಲ್ಲೂ ಇರುತ್ತೆ. ಅಂಡಾಶಯದಲ್ಲೂ ಆಗುತ್ತೆ, ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯಲ್ಲೂ ಆಗುತ್ತೆ. ಡಿಎಚ್‌ಇಎ-ಎಸ್ ನೋಡೋದು ಅಡ್ರಿನಲ್ ಕಡೆ ತೊಂದರೆ ಇದೆಯಾ ಅಂತ.

ನಾನು ಎರಡು ಸಲ ಮಾಡಿಸಿದೆ, ಮೊದಲನೇ ಸಲದ ದುಡ್ಡು ದಂಡ. ಮುಟ್ಟು ಸರಿಹೋಗಲಿ ಅಂತ ಗರ್ಭನಿರೋಧಕ ಮಾತ್ರೆ ನುಂಗ್ತಿದ್ದೆ, ರಿಪೋರ್ಟ್ ಪೂರ್ತಿ ನಾರ್ಮಲ್! ಆ ಮಾತ್ರೆ ಹಾರ್ಮೋನನ್ನ ತಗ್ಗಿಸಿಬಿಡುತ್ತಂತೆ. ಡಾಕ್ಟರೇ ಮೂರು ತಿಂಗಳು ನಿಲ್ಲಿಸಿ ಮತ್ತೆ ಮಾಡಿಸಿದರು (ನೀವಾಗಿಯೇ ನಿಲ್ಲಿಸಬೇಡಿ). ಆಗಲೂ ಒಟ್ಟು ಟೆಸ್ಟೋಸ್ಟೆರಾನ್ ಮಿತಿಯೊಳಗೇ ಇತ್ತು, ಎಸ್‌ಎಚ್‌ಬಿಜಿ ಮಾತ್ರ ಕಡಿಮೆ. ಟೆಸ್ಟೋಸ್ಟೆರಾನನ್ನ ರಕ್ತದಲ್ಲಿ ಹಿಡಿದಿಟ್ಟುಕೊಳ್ಳೋ ಪ್ರೋಟೀನ್ ಅದು. ಅದು ಕಡಿಮೆಯಾದ್ರೆ ಬಿಡಿಯಾಗಿ ಓಡಾಡೋ ಟೆಸ್ಟೋಸ್ಟೆರಾನ್ ಜಾಸ್ತಿ, ಗದ್ದದ ಮೇಲೆ ಕೈಚಳಕ ತೋರಿಸೋದೂ ಅದೇ. ಅದಕ್ಕೇ ಒಂದೇ ಅಂಕಿ ನೋಡಿ ನಿರಾಳ ಆಗಬೇಡಿ. ಇನ್ಸುಲಿನ್ ಏರಿದ್ರೂ ಎಸ್‌ಎಚ್‌ಬಿಜಿ ಇಳಿಯುತ್ತೆ, ಹಾಗಾಗಿ ನನಗೆ ಶುಗರ್ ಟೆಸ್ಟೂ ಬರೆದರು. ಖಾಲಿ ಹೊಟ್ಟೆ ಬೇಕಾಗಿದ್ದು ಅದಕ್ಕೆ.

ನನಗೆ ಹೇಳಿದ್ದು ಮುಟ್ಟಿನ 2ರಿಂದ 5ನೇ ದಿನದೊಳಗೆ, ಬೆಳಿಗ್ಗೆ. ಮುಟ್ಟೇ ಬರದಿದ್ರೆ ಕಾಯ್ತಾ ಕೂರಬೇಡಿ, ಡಾಕ್ಟರನ್ನ ಕೇಳಿ.

ಉತ್ತರ 2 (ಧಾರವಾಡದಿಂದ): ಅಕ್ಕಾರು ಹೇಳಿದ್ದು ಖರೇ. ನಾ ಕೂದಲ ಉದರ್ತಾವ ಅಂತ ಬಯೋಟಿನ್ ಅನ್ನೋ ವಿಟಮಿನ್ ಗುಳಿಗಿ ತಗೋತಿದ್ದೆ. ಲ್ಯಾಬಿನ್ಯಾಗ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಟೆಸ್ಟೋಸ್ಟೆರಾನ್ ಜಾಸ್ತಿ ಅಂತ ಬಂತು, ಮನ್ಯಾಗ ಒಂದ ರಾಮಾಯಣ. ಗುಳಿಗಿ ಬಿಟ್ಟು ವಾರದ ಮ್ಯಾಲೆ ಮಾಡಿಸಿದ್ರ ಸರಿ ಐತಿ! ಕೆಲವು ಮಷೀನಿನ ಲೆಕ್ಕಾನ ಬಯೋಟಿನ್ ತಪ್ಪಸ್ತೈತಂತ. ಏನೇನು ಗುಳಿಗಿ ನುಂಗ್ತೀರಿ, ಎಲ್ಲಾ ಮೊದಲ ಹೇಳ್ರಿ.

ಉತ್ತರ 3: ಡಾಕ್ಟರ ಮುಂದೆ ನೀಟಾಗಿ ಕೂರೋಣ ಅಂತ ಹಿಂದಿನ ದಿನ ಥ್ರೆಡಿಂಗ್ ಮಾಡಿಸಿಕೊಂಡು ಹೋಗಿದ್ದೆ. "ಎಲ್ಲಮ್ಮಾ ಕೂದಲು?" ಅಂದ್ರು. ಹಾಗೇ ಹೋಗಿ, ಇಲ್ಲಾ ಹಳೇ ಫೋಟೋ ತೋರಿಸಿ. ಮುಟ್ಟಿನ ಏರುಪೇರು, ಕೂದಲು ಎರಡೂ ಕಣ್ಣಿಗೆ ಕಾಣೋ ಹಾಗಿದ್ರೆ ರಕ್ತ ನಾರ್ಮಲ್ ಬಂದರೂ ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗೋ ತೊಂದರೆ) ಅನ್ನಬಹುದು, ಬೇರೆ ಕಾರಣ ಇಲ್ಲ ಅಂತಾದ ಮೇಲೆ. ನನಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನು) ನೋಡಿದ್ದು ಅದಕ್ಕೇ. ಹಾಂ, ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಕೂದಲು ಒಂದೇ ಸಮನೆ ಹೆಚ್ಚಾಗ್ತಿದ್ರೆ ಮುಟ್ಟಿನ ದಿನ ಎಣಿಸ್ತಾ ಕೂರಬೇಡಿ, ಈ ವಾರವೇ ಹೋಗಿ.