ಮಸಾಯಿ ಮಾರಾಗೆ ಹೋಗಿಬಂದವರು ಹೇಳಿ: ಬಿಗ್ ಫೈವ್ ಪೂರ್ತಿ ಸಿಗುತ್ತಾ?

ಪ್ರಶ್ನೆ: ಆಗಸ್ಟ್‌ನಲ್ಲಿ ಅಪ್ಪ-ಅಮ್ಮನ ಜೊತೆ ಕೀನ್ಯಾಗೆ ಹೊರಟಿದ್ದೇವೆ. ಕೈಯಲ್ಲಿ ಒಂದು ವಾರ ಇದೆ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಐದನ್ನೂ ನೋಡಲೇಬೇಕು ಅಂತ ಅಪ್ಪನ ಹಟ. ಅಮ್ಮನಿಗೆ ಬೆನ್ನುನೋವು, ಜೊತೆಗೆ ಶುದ್ಧ ಸಸ್ಯಾಹಾರಿ. ಟೂರ್‌ನವರು ಅಂಬೋಸೆಲಿ, ನಕುರು, ಮಾರಾ, ಆಮೇಲೆ ಗಡಿಯಾಚೆ ಟಾಂಜಾನಿಯಾದ ಸೆರೆಂಗೆಟಿ ಎಲ್ಲ ಸೇರಿಸಿ ಕೊಟ್ಟಿದ್ದಾರೆ. ಇದು ಆಗುವ ಮಾತಾ?

ಉತ್ತರ, ಮಾರಾ ನೋಡಿ ಬಂದವರೊಬ್ಬರಿಂದ:
ಮೊದಲು ಸೆರೆಂಗೆಟಿ ತೆಗೆದುಹಾಕಿಸಿ. ಮಾರಾ, ಸೆರೆಂಗೆಟಿ ಎರಡೂ ಒಂದೇ ಬಯಲು. ಪ್ರಾಣಿಗಳಿಗೆ ಗಡಿ ಇಲ್ಲ, ನಮಗಿದೆ. ಇಸೆಬಾನಿಯಾ ಚೆಕ್‌ಪೋಸ್ಟ್‌ವರೆಗೆ ಸುತ್ತಿಕೊಂಡು ಹೋಗಬೇಕು, ಒಂದು ದಿನ ರಸ್ತೆಯಲ್ಲೇ ಕಳೆಯುತ್ತದೆ. ಆಗಸ್ಟ್‌ನಲ್ಲಿ ವಲಸೆ ಹೋಗುವ ವೈಲ್ಡ್‌ಬೀಸ್ಟ್ (ಒಂದು ಜಾತಿಯ ದೊಡ್ಡ ಹುಲ್ಲೆ) ಹಿಂಡುಗಳು ಸಾಮಾನ್ಯವಾಗಿ ಮಾರಾ ಕಡೆಗೇ ಬಂದಿರುತ್ತವೆ. ಮತ್ತೆ ಅಲ್ಲಿಗೆ ಯಾಕೆ?

ಅಪ್ಪನ ಪಟ್ಟಿಯಲ್ಲಿ ಕಷ್ಟದ್ದು ಎರಡೇ, ಘೇಂಡಾಮೃಗ ಮತ್ತು ಚಿರತೆ. ಮಾರಾದಲ್ಲಿ ಕಪ್ಪು ಘೇಂಡಾಮೃಗ ಇವೆ, ಆದರೆ ಕಮ್ಮಿ, ಅವೂ ಪೊದೆ ಬಿಟ್ಟು ಬರೋದು ಅಪರೂಪ. ನಕುರು ಬೇಲಿ ಹಾಕಿದ ಪಾರ್ಕ್. ಅಲ್ಲಿ ಬಿಳಿ ಘೇಂಡಾಮೃಗ ಬಯಲಲ್ಲಿ ಹಸುಗಳ ಹಾಗೆ ತಲೆ ತಗ್ಗಿಸಿ ಮೇಯುತ್ತಿರುತ್ತದೆ. ಕಪ್ಪು ಜಾತಿಯದ್ದೂ ಇದೆ. ಅದು ಹುಲ್ಲು ಮೇಯುವುದಿಲ್ಲ, ಚೂಪು ತುಟಿಯಲ್ಲಿ ಗಿಡದ ಎಲೆ-ಕಡ್ಡಿ ಎಳೆದು ತಿನ್ನುತ್ತದೆ. ಹಾಗಾಗಿ ನಕುರುವಿನಲ್ಲಿ ಒಂದು ರಾತ್ರಿ, ಉಳಿದದ್ದೆಲ್ಲ ಮಾರಾಗೆ ಕೊಡಿ.

ಚಿರತೆಗೆ ನದಿ ಪಕ್ಕದ ದೊಡ್ಡ ಮರಗಳನ್ನು ನೋಡುತ್ತಾ ಹೋಗಿ. ಮೊದಲು ಕಾಣೋದು ಮೈಯಲ್ಲ, ಕೊಂಬೆಯಿಂದ ಇಳಿಬಿದ್ದ ಬಾಲ. ಕೆಲವು ಸಲ ಅದೂ ಇಲ್ಲ. ನಮಗೆ ಸಿಕ್ಕಿದ್ದು ಕವಲಿನಲ್ಲಿ ನೇತಾಡುತ್ತಿದ್ದ ಇಂಪಾಲಾದ ಕಾಲುಗಳು. ಕೆಳಗೆ ಒಂದು ಕತ್ತೆಕಿರುಬ ಕತ್ತೆತ್ತಿ ನಿಂತಿತ್ತು. ಚಿರತೆ ಕಾಣಲು ತುಂಬಾ ಹೊತ್ತು ಹಿಡಿಯಿತು. ಮೇಲಿನ ಕೊಂಬೆಯಲ್ಲೇ ಮಲಗಿತ್ತು!

ಇಲ್ಲೇ ಮುಖ್ಯವಾದ ಮಾತು. ಡ್ರೈವರ್‌ಗಳ ಹತ್ತಿರ ರೇಡಿಯೊ ಇರುತ್ತದೆ. ಎಲ್ಲೋ ಸಿಂಹ ಅಂದ ತಕ್ಷಣ ಎಲ್ಲ ಗಾಡಿಗಳೂ ಓಡುತ್ತವೆ. ಒಂದು ಚೀತಾ ಹೆಣ್ಣು ಹುತ್ತದ ಮೇಲೆ ಕೂತು ಗೆಜೆಲ್ ಹಿಂಡನ್ನು ನೋಡುತ್ತಿತ್ತು. ನಮ್ಮ ಪಕ್ಕದ ವ್ಯಾನ್‌ನವರು ಫೋಟೊ ತೆಗೆದು ಹೊರಟೇಬಿಟ್ಟರು. ಅದು ಇಳಿದು, ಹುಲ್ಲಲ್ಲಿ ಹೊಟ್ಟೆ ತಾಗಿಸಿಕೊಂಡು ಮುಂದೆ ಹೋಗಿ, ಓಡಿತು. ಗೆಜೆಲ್ ತಪ್ಪಿಸಿಕೊಂಡಿತು. ವಾಪಸ್ ಬಂದು ಏದುಸಿರು ಬಿಡುತ್ತಾ ನಮ್ಮ ಗಾಡಿಯ ನೆರಳಲ್ಲೇ ಮಲಗಿತು. ಪಕ್ಕೆಲುಬು ಏರಿಳಿಯೋದು ಕಾಣುತ್ತಿತ್ತು. ಬೆಳಗ್ಗೆ ಹೊರಡುವಾಗಲೇ ಡ್ರೈವರ್‌ಗೆ ಹೇಳಿಬಿಡಿ: ಓಡಿಸೋದು ಬೇಡ, ಕಾಯೋಣ. ಬೇಟೆ ಸಿಗಲಿಲ್ಲ ಅಂತ ನಿಮ್ಮ ಮೇಲೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಉತ್ತರ, ಕಬಿನಿಗೆ ಆಗಾಗ ಹೋಗುವವರಿಂದ:
ಮೇಲಿನವರು ಹೇಳಿದ್ದು ಸರಿ. ನಮ್ಮ ಕಬಿನಿ, ನಾಗರಹೊಳೆಯಲ್ಲಿ ಕಿವಿಯಿಂದ ಹುಡುಕುತ್ತೇವೆ. ಜಿಂಕೆ, ಮುಸುವ ಕೂಗಿದರೆ ಗಾಡಿ ನಿಲ್ಲಿಸುತ್ತೇವೆ. ಅಲ್ಲಿ ಬಟಾಬಯಲು, ಕಣ್ಣೇ ಆಧಾರ. ಎಲ್ಲ ಜಿರಾಫೆಗಳೂ ಮೇಯೋದು ಬಿಟ್ಟು ಒಂದೇ ಕಡೆ ನೋಡ್ತಾ ನಿಂತಿದ್ದರೆ ಅತ್ತ ಬೈನಾಕ್ಯುಲರ್ ತಿರುಗಿಸಿ. ಆದ್ದರಿಂದ ಬೈನಾಕ್ಯುಲರ್ ಮನೆಗೊಂದಲ್ಲ, ತಲೆಗೊಂದು ಇರಲಿ. ದುಬಾರಿ ಲೆನ್ಸ್‌ಗಿಂತ ಇದು ಉಪಯೋಗ.

ನದಿ ದಾಟುವ ದೃಶ್ಯಕ್ಕೆ ಗ್ಯಾರಂಟಿ ಇಲ್ಲ. ಸಾವಿರಾರು ವೈಲ್ಡ್‌ಬೀಸ್ಟ್ ದಡಕ್ಕೆ ಬಂದು, ನೀರು ನೋಡಿ, ಸುಮ್ನೆ ವಾಪಸ್ ಹೋಗಿಬಿಡುತ್ತವೆ. ಬಿಸಿಲು, ಧೂಳು, ಗಾಡಿಗಳ ಸಂತೆ. ಅಮ್ಮನಿಗೆ ಇದು ಬೇಕಾ ಯೋಚಿಸಿ. ನನ್ನ ಕೇಳಿದರೆ, ರಿಸರ್ವ್‌ಗೆ ಅಂಟಿಕೊಂಡಿರುವ ಕನ್ಸರ್ವೆನ್ಸಿಗಳಲ್ಲಿ ಒಂದೆರಡು ರಾತ್ರಿ ಇರಿ. ಅವು ಮಸಾಯಿ ಜನ ಗುತ್ತಿಗೆಗೆ ಕೊಟ್ಟ ಜಮೀನು. ಒಂದು ಪ್ರಾಣಿಯ ಸುತ್ತ ಇಷ್ಟೇ ಗಾಡಿ ಅಂತ ಮಿತಿ ಇದೆ, ದಾರಿ ಬಿಟ್ಟು ಹೋಗಬಹುದು, ರಾತ್ರಿ ಸಫಾರಿಯೂ ಇದೆ. ರೇಟು ಜಾಸ್ತಿನೇ.

ಉತ್ತರ, ನೈರೋಬಿಯಲ್ಲಿರುವ ಕನ್ನಡಿಗರಿಂದ:
ಊಟದ ಚಿಂತೆ ಬಿಡಿ. ಇಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಚಪಾತಿ ಕೀನ್ಯಾದವರದೇ ತಿಂಡಿ ಆಗಿದೆ. ಲಾಡ್ಜ್‌ಗೆ ಮೊದಲೇ ತಿಳಿಸಿದರೆ ಬೇಳೆ, ಪಲ್ಯ ಮಾಡಿಕೊಡುತ್ತಾರೆ. ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ ಸಿಗುತ್ತದೆ. ಅಮ್ಮನಿಗೆ ಖಂಡಿತ ಹಿಡಿಸುತ್ತೆ, ಒಗ್ಗರಣೆ ಸಾಲದು ಅಂತಾರೆ ಅಷ್ಟೆ.

ಬೆನ್ನಿಗೆ ಮಾತ್ರ ಹುಷಾರು. ಹಿಂದಿನ ಸೀಟು ಬೇಡವೇ ಬೇಡ. ದುಡ್ಡಿದ್ದರೆ ಇಲ್ಲಿ ನೈರೋಬಿಯ ವಿಲ್ಸನ್ ಏರ್‌ಪೋರ್ಟ್‌ನಿಂದ ಮಾರಾಗೆ ಸಣ್ಣ ವಿಮಾನದಲ್ಲಿ ಕಳಿಸಿ. ಸಾಮಾನು ಸಾಮಾನ್ಯವಾಗಿ 15 ಕೆಜಿ ಮಾತ್ರ, ಅದೂ ಬಟ್ಟೆಯ ಬ್ಯಾಗಿನಲ್ಲಿ. ಸ್ವೆಟರ್ ಇಟ್ಟುಕೊಳ್ಳಿ, ಮಾರಾ ಸಮುದ್ರಮಟ್ಟದಿಂದ 1500 ಮೀಟರ್‌ಗೂ ಎತ್ತರ. ಬೆಳಗ್ಗೆ ತೆರೆದ ಗಾಡಿಯಲ್ಲಿ ಹಲ್ಲು ಕಟಕಟ ಅನ್ನುತ್ತದೆ.

ಟೂರ್‌ನವರ ರೇಟಿನಲ್ಲಿ ಪಾರ್ಕ್ ಟಿಕೆಟ್ ಸೇರಿದೆಯಾ ಅಂತ ಬರೆಸಿಕೊಳ್ಳಿ. 2024ರ ಜುಲೈನಿಂದ ಮಾರಾ ರಿಸರ್ವ್‌ನಲ್ಲಿ ವಿದೇಶಿ ವಯಸ್ಕರಿಗೆ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್, ಉಳಿದ ತಿಂಗಳು 100.

ಕೊನೆಯದಾಗಿ ಸೇರಿಸಿದ್ದು:
ಹಳದಿ ಜ್ವರದ ಲಸಿಕೆ ಯಾರೂ ಹೇಳಲೇ ಇಲ್ಲ! ಪ್ರಯಾಣಕ್ಕೆ 10 ದಿನ ಮೊದಲೇ, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟ್‌ನಲ್ಲೇ ಕ್ವಾರಂಟೈನ್ ಮಾಡುತ್ತಾರೆ. ಅಪ್ಪ-ಅಮ್ಮನಿಗೆ 60 ದಾಟಿದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಪ್ಲಾಸ್ಟಿಕ್ ಕವರ್ ಬ್ಯಾಗಲ್ಲಿ ಇರಬಾರದು, ಕೀನ್ಯಾದಲ್ಲಿ 2017ರಿಂದ ನಿಷೇಧ. ಚಟ್ನಿಪುಡಿ ಡಬ್ಬಿಯಲ್ಲಿ ಹಾಕಿಕೊಳ್ಳಿ.