ಅಲರ್ಜಿ ಇದ್ದರೆ ಇಷ್ಟೊಂದು ನಿದ್ದೆ ಬರುತ್ತಾ? ಅನುಭವ ಇದ್ದವರು ಹೇಳಿ

ನೀರ್ಚಾಲಿನಿಂದ: ಮಗಳು ಪ್ಲಸ್ ವನ್ (ಹನ್ನೊಂದನೇ ಕ್ಲಾಸು). ಸಿಗಡಿ, ಏಡಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ, ಸಣ್ಣಂದಿನಿಂದಲೂ ಹಾಗೆಯೇ. ಈ ಮಳೆಗಾಲ ಶುರುವಾದ ಮೇಲೆ ವಿಪರೀತ ನಿದ್ದೆ. ಬಸ್ಸಲ್ಲಿ ನಿದ್ದೆ, ಕ್ಲಾಸಲ್ಲಿ ತೂಕಡಿಕೆ, ಮನೆಗೆ ಬಂದು ಬ್ಯಾಗ್ ಬಿಸಾಕಿ ಮತ್ತೆ ನಿದ್ದೆ. ಗೋಧಿ, ಹಾಲು ನಿಲ್ಲಿಸಿ ನೋಡು ಅಂತಾರೆ ಅತ್ತಿಗೆ. ನಿಲ್ಲಿಸಲಾ?

ಬದಿಯಡ್ಕದಿಂದ: ಅಕ್ಕಾ, ಊಟ ಆಮೇಲೆ ನೋಡುವ. ತುರಿಕೆಗೆ ಮಾತ್ರೆ ಕೊಡ್ತಾ ಇದ್ದೀರಾ? ನನ್ನ ತಮ್ಮನಿಗೆ ನೆಲಗಡಲೆ ಆಗುವುದಿಲ್ಲ. ಅವನು ಅಡಿಕೆ ಸುಲಿಯಲು ಕೂತರೆ ಕೈಯಲ್ಲಿ ಅಡಿಕೆ ಹಿಡಿದೇ ತೂಗುತ್ತಿದ್ದ. ಮನೆಯವರೆಲ್ಲ ಸೋಮಾರಿ ಅಂದರು. ನೋಡಿದರೆ ದಿನಾ ರಾತ್ರಿ ಕ್ಲೋರ್‌ಫೆನಿರಮೈನ್ ನುಂಗುತ್ತಿದ್ದ, ಹಳೇ ಕಾಲದ ಅಲರ್ಜಿ ಮಾತ್ರೆ. ಡಾಕ್ಟರು ವಿವರಿಸಿದ್ದು ಹೀಗೆ: ಚರ್ಮದಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮಿನ್ನೇ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವುದು. ಹಳೇ ಮಾತ್ರೆ ಮೆದುಳಿಗೂ ಹೋಗಿ ಅದನ್ನು ತಡೆಯುತ್ತದೆ. ರಾತ್ರಿ ನುಂಗಿದ್ದರ ಮಂಪರು ಮರುದಿನವೂ ಇರುತ್ತದೆ. ಸಿಟ್ರಿಜಿನ್ ಅಷ್ಟಿಲ್ಲ, ಆದರೂ ಕೆಲವರಿಗೆ ನಿದ್ದೆ ತರುತ್ತದೆ. ಫೆಕ್ಸೊಫೆನಡಿನ್‌ಗೆ ಬದಲಾಯಿಸಿದ ಮೇಲೆ ತಮ್ಮ ಸರಿಯಾದ. ಶೀತದ ಮಾತ್ರೆಗಳಲ್ಲೂ ಈ ಹಳೇ ಮದ್ದು ಸೇರಿರುತ್ತದೆ, ಸ್ಟ್ರಿಪ್ಪಿನ ಹಿಂಬದಿ ಓದಿ.

ಕುಂಬಳೆಯಿಂದ: ರಾತ್ರಿ ಗೊರಕೆ ಹೊಡೀತಾಳಾ, ಬಾಯಿ ತೆರೆದು ಮಲಗ್ತಾಳಾ? ಮಳೆಗಾಲದಲ್ಲಿ ನಮ್ಮ ಮನೆಗಳ ಗೋಡೆಗೆ ಬೂಷ್ಟು ಹಿಡಿಯುವುದು ಗೊತ್ತೇ ಇದೆ. ನನ್ನ ಮಗನಿಗೆ ಅದೇ ಅಲರ್ಜಿ, ಊಟದ್ದಲ್ಲ. ಮೂಗು ಕಟ್ಟಿ ರಾತ್ರಿ ಸರಿಯಾಗಿ ನಿದ್ದೆಯಾಗದೆ ಹಗಲು ತೂಕಡಿಸುತ್ತಿದ್ದ.

ಪೆರ್ಲದಿಂದ: ಗೋಧಿ ಈಗಲೇ ನಿಲ್ಲಿಸಬೇಡಿ. ಗೋಧಿಯಿಂದ ಆಗುವ ಸೀಲಿಯಾಕ್ ಕಾಯಿಲೆಯಲ್ಲಿ ರಕ್ತ ಕಡಿಮೆಯಾಗಿ ಸುಸ್ತಾಗುವುದುಂಟು, ಆದರೆ ಅದರ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದೂ ಇಲ್ಲ ಅಂತ ಬರಬಹುದು. ನಮ್ಮ ಹುಡುಗಿಗೂ ಅತ್ತಿಗೆಯಂಥವರು ಇದನ್ನೇ ಹೇಳಿದ್ದರು! ಕೊನೆಗೆ ಸಿಕ್ಕಿದ್ದು ಹಿಮೋಗ್ಲೋಬಿನ್ ಕಡಿಮೆ ಅಂತ. ಈ ವಯಸ್ಸಿನ ಹುಡುಗಿಯರಿಗೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಹೀಗಾಗುತ್ತದೆ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ನೋಡಿಸಿ. ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆ ಅಂತ ನೂರಾರು ತಿನಿಸುಗಳ ಪಟ್ಟಿ ಕೊಡುವವರಿದ್ದಾರೆ. ಐಜಿಜಿ ಇದ್ದರೆ ಆ ಆಹಾರ ತಿಂದಿದ್ದೀರಿ ಅಂತ ಅಷ್ಟೇ ಅರ್ಥ. ಸುಮ್ನೆ ದುಡ್ಡು ದಂಡ.

ಮಂಜೇಶ್ವರದಿಂದ: ತುರಿಸಿದ್ದೆಲ್ಲ ಅಲರ್ಜಿಯಲ್ಲ. ಪತ್ರೊಡೆಗೆ ಹುಳಿ ಕಮ್ಮಿಯಾಗಿ ಗಂಟಲು ಕೆರೆದರೆ ಅದು ಕೆಸುವಿನ ಸೂಜಿಯಂಥ ಹರಳುಗಳ ಕೆಲಸ. ಐಸ್ ಇಲ್ಲದೆ ಬಿಸಿಲಲ್ಲಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ತಿಂದರೆ ಮುಖ ಕೆಂಪು, ತಲೆನೋವು. ಮತ್ತೆ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಗಡದ್ದಾಗಿ ಹೊಡೆದರೆ ಯಾರಿಗೆ ನಿದ್ದೆ ಬರಲ್ಲ ಹೇಳಿ?

ಕಾಸರಗೋಡಿನಿಂದ, ನಾನು ನರ್ಸ್: ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸಿಗಡಿ ತಿಂದ ಸ್ವಲ್ಪ ಹೊತ್ತಿಗೇ ದದ್ದಿನ ಜೊತೆ ವಾಂತಿ, ತುಟಿ ಊತ, ಉಸಿರಿಗೆ ಕಷ್ಟ, ತಲೆಸುತ್ತು ಬಂದು ಮಂಕಾದರೆ ಅದನ್ನು ನಿದ್ದೆ ಅಂದುಕೊಳ್ಳಬೇಡಿ. ಬಿಪಿ ಇಳಿಯುತ್ತಿರಬಹುದು. ಮಾತ್ರೆ ಕೊಟ್ಟು ಮಲಗಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, ಅಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಬೇಕಾಗುತ್ತದೆ.

ನೀರ್ಚಾಲಿನಿಂದ: ಸ್ಟ್ರಿಪ್ ನೋಡಿದೆ. ಬದಿಯಡ್ಕದವರು ಹೇಳಿದ ಅದೇ ಹೆಸರು! ಮೆಡಿಕಲ್‌ನಿಂದ ತಂದದ್ದು. ಇವತ್ತಿನಿಂದಲೇ ನಿಲ್ಲಿಸಿದರೆ ತುರಿಕೆ ಜಾಸ್ತಿಯಾಗುತ್ತಾ?

ಬದಿಯಡ್ಕದಿಂದ: ಆಗಬಹುದು. ಸ್ಟ್ರಿಪ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ, ಬದಲಿ ಬರೆದುಕೊಡುತ್ತಾರೆ. ಅಷ್ಟರವರೆಗೆ ಯಾವ ಹೊತ್ತಿಗೆ ಏನು ತಿಂದಳು, ಯಾವಾಗ ಮಾತ್ರೆ, ಯಾವಾಗ ತೂಕಡಿಕೆ ಅಂತ ಬರೆದಿಡಿ. ಚರ್ಮಕ್ಕೆ ಚುಚ್ಚಿ ಅಲರ್ಜಿ ಪರೀಕ್ಷೆ ಮಾಡುವುದಾದರೆ ಕೆಲವು ದಿನ ಮುಂಚೆಯೇ ಈ ಮಾತ್ರೆ ಬಿಡಬೇಕು. ಅದನ್ನೂ ಕೇಳಿಕೊಂಡು ಬನ್ನಿ.