ಅಡಿಕೆ ತೋಟದ ಕೆಲಸಗಾರನ ಕಾಲಲ್ಲಿ ವಾಸಿಯಾಗದ ನರೂಲಿಯಂಥ ಗಾಯ: ಪತ್ತೆ ಹೇಗೆ, ಔಷಧಿ ಯಾವುದು?

ಪ್ರಶ್ನೆ: ವೈದ್ಯಾಧಿಕಾರಿ, ಮಲೆನಾಡಿನ ತಾಲ್ಲೂಕು ಆಸ್ಪತ್ರೆ

ಎಲ್ಲರಿಗೂ ನಮಸ್ಕಾರ. ರೋಗಿಗೆ ಐವತ್ತು ದಾಟಿದೆ, ಅಡಿಕೆ ತೋಟದಲ್ಲಿ ಕೂಲಿ ಕೆಲಸ, ಬರಿಗಾಲಲ್ಲೇ ಓಡಾಟ. ಬಲಗಾಲಿನ ಹರಡಿನ ಮೇಲ್ಗಡೆ ಸುಮಾರು 8 × 5 ಸೆಂ.ಮೀ. ಅಳತೆಯ ದಪ್ಪ ಪ್ಲಾಕ್ (ಚರ್ಮದಿಂದ ಎದ್ದ ತೇಪೆಯಂಥ ಭಾಗ), ಮೇಲ್ಮೈ ಹೂಕೋಸಿನ ಹಾಗೆ ಒರಟು. ನಾಲ್ಕು ವರ್ಷದ ಹಿಂದೆ ಮುಳ್ಳು ಚುಚ್ಚಿದ ಜಾಗದಲ್ಲಿ ಸಣ್ಣ ಗುಳ್ಳೆಯಾಗಿ ಶುರುವಾಗಿದ್ದಂತೆ. ತುರಿಕೆ ಇದೆ, ನೋವು ಅಷ್ಟಾಗಿ ಇಲ್ಲ. ಶುಗರ್ ಇಲ್ಲ. ಈವರೆಗೆ ಮೂರು ಕೋರ್ಸ್ ಆಂಟಿಬಯೋಟಿಕ್ ಆಗಿದೆ, ಕ್ಲೋಬೆಟಸಾಲ್ ಎಂಬ ಸ್ಟೆರಾಯ್ಡ್ ಬೆರೆಸಿದ ಮುಲಾಮು ತಿಂಗಳುಗಟ್ಟಲೆ ಹಚ್ಚಿದ್ದಾರೆ. ಕೊನೆಗೆ ಒಂದು ಕಡೆ ಫಂಗಸ್ ಔಷಧಿ ಇಟ್ರಾಕೊನಜೋಲ್ 100 ಮಿ.ಗ್ರಾಂ. ದಿನಕ್ಕೆರಡರಂತೆ ಮೂರು ವಾರ ಕೊಟ್ಟಿದ್ದಾರೆ, ಜೊತೆಗೆ ಬೆಳಗ್ಗೆ ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್-ಡಾಂಪೆರಿಡೋನ್ ಕ್ಯಾಪ್ಸೂಲ್. ಒಂದು ಚೂರೂ ಬದಲಾಗಿಲ್ಲ. 'ಟಿಬಿ ಇರುತ್ತೆ, ಎಟಿಟಿ (ಟಿಬಿ ಔಷಧಿಗಳು) ಶುರು ಮಾಡಿ' ಅನ್ನುವವರೂ ಇದ್ದಾರೆ, 'ಫಂಗಸ್' ಅನ್ನುವವರೂ ಇದ್ದಾರೆ. ನಮ್ಮಲ್ಲಿ ಮೈಕ್ರೋಸ್ಕೋಪ್, ಕೆಓಎಚ್ (ಫಂಗಸ್ ಹುಡುಕಲು ಬಳಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ), ಬಯಾಪ್ಸಿ ಪಂಚ್ (ಪರೀಕ್ಷೆಗೆ ಚರ್ಮದ ತುಂಡು ತೆಗೆಯುವ ಸಾಧನ), ಫಾರ್ಮಲಿನ್ (ತುಂಡು ಕೆಡದಂತಿಡುವ ದ್ರವ) ಇಷ್ಟಿದೆ. ಚರ್ಮರೋಗ ತಜ್ಞರಿರುವುದು 90 ಕಿ.ಮೀ. ದೂರದಲ್ಲಿ. ಕೂಲಿ ಬಿಟ್ಟು ಮತ್ತೆ ಮತ್ತೆ ಬರುವ ಸ್ಥಿತಿ ರೋಗಿಗಿಲ್ಲ. ಒಂದೇ ಭೇಟಿಯಲ್ಲಿ ಏನೇನು ಮುಗಿಸಬಹುದು?

ಉತ್ತರ: ಚರ್ಮರೋಗ ತಜ್ಞೆ

ಡಾಕ್ಟ್ರೇ, ಮೇಲ್ಮೈ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳಿವೆಯಾ, ಅದನ್ನು ನೀವು ಬರೆದಿಲ್ಲ. ಹಕ್ಕಳೆಯನ್ನು ಸಲೈನಿನಲ್ಲಿ ಹತ್ತು ನಿಮಿಷ ನೆನೆಸಿ ಒರೆಸಿ, ಆಮೇಲೆ ನೋಡಿ. ಡರ್ಮೋಸ್ಕೋಪ್ (ಚರ್ಮವನ್ನು ದೊಡ್ಡದಾಗಿಸಿ ನೋಡುವ ಸಾಧನ) ಇಲ್ಲದಿದ್ದರೆ ಕಿವಿ ನೋಡುವ ಓಟೋಸ್ಕೋಪೇ ಸಾಕು. ಚರ್ಮಕ್ಕೆ ಒಂದು ತೊಟ್ಟು ಎಣ್ಣೆ ಸವರಿಕೊಂಡರೆ ಹೊಳಪು ತಗ್ಗಿ ಒಳಗಿನದು ಕಾಣುತ್ತದೆ. ಕೆಂಪುಗಪ್ಪು ಚುಕ್ಕಿ ಕಂಡರೆ ನನ್ನ ಪಟ್ಟಿಯಲ್ಲಿ ಕ್ರೋಮೋಬ್ಲಾಸ್ಟೋಮೈಕೋಸಿಸ್ (ಚುಟುಕಾಗಿ ಕ್ರೋಮೋ) ಮೊದಲು ಬರುತ್ತದೆ. ಮಣ್ಣು, ಕೊಳೆತ ಸೊಪ್ಪು, ಮುಳ್ಳುಗಳಲ್ಲಿ ಬದುಕುವ ಕಂದು ಬಣ್ಣದ ಫಂಗಸ್ ಇದು, ಹೆಚ್ಚಾಗಿ ಫೋನ್ಸೆಸಿಯಾ ಜಾತಿಯದು. ಚುಚ್ಚಿದ ಗಾಯದಿಂದ ಒಳಹೋಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದೆ. ಹಾಗಿದ್ದೂ ಹೊರರೋಗಿ ಚೀಟಿಯ ಮೇಲೆ ಈಗಲೂ ನರೂಲಿ ಅಂತಲೋ ಇಸುಬು ಅಂತಲೋ ಬರೆದು ಕಳಿಸುತ್ತಾರೆ.

ಎರಡನೆಯದು ಟ್ಯೂಬರ್ಕ್ಯುಲೋಸಿಸ್ ವೆರ್ರುಕೋಸಾ ಕ್ಯೂಟಿಸ್, ನರೂಲಿಯಂತೆ ಕಾಣುವ ಚರ್ಮದ ಟಿಬಿ. ಸಾಮಾನ್ಯವಾಗಿ ಒಂದೇ ಪ್ಲಾಕ್, ತುರಿಕೆ ಕಡಿಮೆ. ಒಂದು ಅಂಚಿನಲ್ಲಿ ಹಬ್ಬುತ್ತಾ ನಡುವೆ ಮಾಯ್ದು ತೆಳು ಕಲೆಯಾಗಿರುತ್ತದೆ. ತೊಡೆಸಂದಿನ ಗ್ರಂಥಿ ಮುಟ್ಟಿ ನೋಡಿ, ಎದೆ ಎಕ್ಸ್‌ರೇ ತೆಗೆಸಿ. ಮ್ಯಾಂಟೂ (ಟಿಬಿಯ ಚರ್ಮ ಪರೀಕ್ಷೆ) ಪಾಸಿಟಿವ್ ಬಂತು ಅಂತ ಟಿಬಿ ಎಂದು ತೀರ್ಮಾನಿಸಬೇಡಿ, ನಮ್ಮಲ್ಲಿ ಆರೋಗ್ಯವಂತರಲ್ಲೂ ಅದು ಎದ್ದಿರುತ್ತದೆ. ತೀರಾ ನೆಗೆಟಿವ್ ಬಂದರೆ ಮಾತ್ರ ಈ ಬಗೆಯ ಟಿಬಿ ಮೇಲಿನ ಅನುಮಾನ ತಗ್ಗುತ್ತದೆ.

ತುರಿಕೆ ವಿಪರೀತವಾಗಿ, ಎರಡೂ ಮೊಣಕಾಲ ಕೆಳಗೆ ನೇರಳೆ ಛಾಯೆಯ ದಪ್ಪ ಗಂಟುಗಳಿದ್ದರೆ ಹೈಪರ್‌ಟ್ರೋಫಿಕ್ ಲೈಕನ್ ಪ್ಲೇನಸ್ ಎಂಬ, ಸೋಂಕಲ್ಲದ ಚರ್ಮರೋಗ ನೆನಪಿರಲಿ. ಒಸರುವ ರಂಧ್ರಗಳಿದ್ದು ಕಾಳಿನಂಥವು ಹೊರಬರುತ್ತಿದ್ದರೆ ಮೈಸಿಟೋಮಾ, ಚರ್ಮದಡಿ ಆಳಕ್ಕಿಳಿಯುವ ಇನ್ನೊಂದು ಸೋಂಕು. ಹತ್ತಿಯ ಎಳೆಯಿಂದ ಪ್ಲಾಕ್‌ನ ಮೇಲೂ ಸುತ್ತಲೂ ಸ್ಪರ್ಶಜ್ಞಾನ ನೋಡಿಬಿಡಿ, ಎರಡು ನಿಮಿಷದ ಕೆಲಸ, ಕುಷ್ಠ ತಪ್ಪಿಹೋಗುವುದಿಲ್ಲ. ಇನ್ನೊಂದು ಮಾತು: ಇಡೀ ಪ್ಲಾಕ್‌ನಲ್ಲಿ ಯಾವುದೋ ಒಂದು ಮೂಲೆ ಮಾತ್ರ ಇತ್ತೀಚೆಗೆ ಬೇಗ ಬೆಳೆದಿದ್ದರೆ, ಮುಟ್ಟಿದರೆ ರಕ್ತ ಒಸರಿದರೆ, ಅಲ್ಲಿಂದ ಬೇರೆಯೇ ಒಂದು ತುಂಡು ತೆಗೆಯಿರಿ. ಹಳೆಯ ಕ್ರೋಮೋದಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ (ಚರ್ಮದ ಕ್ಯಾನ್ಸರ್) ಹುಟ್ಟಿಕೊಳ್ಳುವುದುಂಟು.

ವಾಸನೆ, ಕೀವು ಇದ್ದರೆ ಪರ್ಮ್ಯಾಂಗನೇಟ್ ನೀರಲ್ಲಿ ನೆನೆಸಿ. ಲೀಟರಿಗೆ 100 ಮಿ.ಗ್ರಾಂ., ಬಣ್ಣ ತೆಳು ಗುಲಾಬಿ ಇರಬೇಕು. ಕರಗದೆ ಉಳಿದ ಹರಳು ಚರ್ಮ ಸುಡುತ್ತದೆ, ಹಾಗಾಗಿ ಬೇರೆ ಲೋಟದಲ್ಲಿ ಪೂರ್ತಿ ಕರಗಿಸಿ ಆಮೇಲೆ ಬೋಗುಣಿಗೆ ಸುರಿಯಲು ಹೇಳಿ.

ಉತ್ತರ: ಮೈಕ್ರೋಬಯಾಲಜಿಸ್ಟ್

ಮೇಡಂ ಹೇಳಿದ ಆ ಕಪ್ಪು ಚುಕ್ಕಿಯಲ್ಲೇ ಉತ್ತರ ಇರುವುದು. ಒಳಗಿನ ಫಂಗಸ್ಸನ್ನು ಚರ್ಮ ಒಣಗಿದ ರಕ್ತದ ಜೊತೆ ಹೊರದಬ್ಬುವ ಜಾಗ ಅದು. ಬೇರೆ ಕಡೆ ಎಷ್ಟು ಕೆರೆದರೂ ಬರೀ ಹೊಟ್ಟು ಸಿಗುತ್ತದೆ.

ಸ್ಪಿರಿಟ್ ಒರೆಸಿ ಪೂರ್ತಿ ಒಣಗಲು ಬಿಡಿ. 15 ನಂಬರ್ ಬ್ಲೇಡ್‌ನಿಂದ ಚುಕ್ಕಿಯನ್ನೇ ಎಬ್ಬಿಸಿ ಸ್ಲೈಡ್ ಮೇಲಿಡಿ, ಕನಿಷ್ಠ ಐದಾರು ಚುಕ್ಕಿ ಬೇಕು. 20 ಶೇಕಡಾ ಕೆಓಎಚ್ ಎರಡು ತೊಟ್ಟು, ಮೇಲೆ ಕವರ್‌ಸ್ಲಿಪ್. ದೀಪದ ಮೇಲೆ ಬಿಸಿ ತಾಗಿಸಿದರೆ ಸಾಕು, ಕುದಿಸಬೇಡಿ. ಕುದ್ದರೆ ಕೆಓಎಚ್ ಹರಳುಗಟ್ಟಿ ಅದನ್ನೇ ಫಂಗಸ್ ಅಂದುಕೊಳ್ಳುವ ಹಾಗಾಗುತ್ತದೆ. ಅವಸರ ಇಲ್ಲದಿದ್ದರೆ ಅರ್ಧ ಗಂಟೆ ಸುಮ್ಮನೆ ಬಿಡಿ. ಕೆಓಎಚ್‌ಗೆ 10 ಶೇಕಡಾ ಗ್ಲಿಸರಿನ್ ಸೇರಿಸಿಟ್ಟಿದ್ದರೆ ಬೇಗ ಒಣಗುವುದಿಲ್ಲ. ಕಂಡೆನ್ಸರ್ ಕೆಳಗಿಳಿಸಿ, 10ರಲ್ಲಿ ಹುಡುಕಿ 40ರಲ್ಲಿ ಖಚಿತಪಡಿಸಿಕೊಳ್ಳಿ.

ಕಾಣಬೇಕಾದ್ದು ಸ್ಕ್ಲೆರೋಟಿಕ್ ಬಾಡಿ, ಅಂದರೆ ಈ ಫಂಗಸ್ಸಿನ ಕಂದು ಕಣ. 1915ರಲ್ಲಿ ಇವನ್ನು ವರ್ಣಿಸಿದ ಮೆಡ್ಲರ್ ಹೆಸರಲ್ಲೂ ಕರೆಯುತ್ತಾರೆ. 5ರಿಂದ 12 ಮೈಕ್ರಾನ್, ಅಂದರೆ ಕೆಂಪು ರಕ್ತಕಣದಷ್ಟು ಅಥವಾ ತುಸು ದೊಡ್ಡದು. ದುಂಡಗೆ, ದಪ್ಪ ಗೋಡೆ, ಯಾವ ಬಣ್ಣ ಹಾಕದೆಯೂ ತಾಮ್ರದ ಕಾಸಿನ ಬಣ್ಣ, ಒಂಟಿಯಾಗಿಯೂ ಗೊಂಚಲಾಗಿಯೂ ಇರುತ್ತವೆ. ಎಡವುವುದು ಇಲ್ಲೇ: ಒಣಗಿದ ರಕ್ತದ ಉಂಡೆ, ಗಾಳಿಗುಳ್ಳೆ, ಹೂವಿನ ಪರಾಗ ಇವೂ ಕಂದಾಗಿ ದುಂಡಗೆ ಕಾಣುತ್ತವೆ. ಗೋಡೆ ಎರಡು ಗೆರೆಯಾಗಿ ಕಾಣಬೇಕು, ಕೆಲವು ಕಣಗಳಲ್ಲಾದರೂ ನಡುವೆ ಅಡ್ಡಗೋಡೆ ಇರಬೇಕು. ಅಡ್ಡಗೋಡೆ ಒಂದಕ್ಕೊಂದು ಅಡ್ಡಹಾಯ್ದು ನಾಲ್ಕು ಭಾಗವಾದದ್ದು ಒಂದು ಸಿಕ್ಕರೂ ರೋಗ ಖಚಿತ, ಫಂಗಸ್ ಯಾವ ಜಾತಿಯದೇ ಆಗಲಿ. ಮೊಗ್ಗಿನಂತೆ ಚಿಗುರಿದ್ದರೆ ಅದು ಯೀಸ್ಟ್, ಇದಲ್ಲ.

ಬ್ಲೇಡ್ ಕಂಡರೆ ಹೆದರುವ ರೋಗಿಗೆ ಪಾರದರ್ಶಕ ಅಂಟುಪಟ್ಟಿ ಸಾಕು. ಚುಕ್ಕಿಗಳ ಮೇಲೆ ಒತ್ತಿ ಅಂಟಿಸಿ, ಕಿತ್ತು, ಅಂಟಿನ ಬದಿ ಕೆಳಗಾಗಿ ಕೆಓಎಚ್ ತೊಟ್ಟಿನ ಮೇಲಿಡಿ.

ಉತ್ತರ: ಪೆಥಾಲಜಿಸ್ಟ್

ಕೆಓಎಚ್ ಪಾಸಿಟಿವ್ ಬಂದರೂ ಬಯಾಪ್ಸಿ ಬಿಡಬೇಡಿ, ರೋಗಿ ಇನ್ನೊಂದು ಸಲ ಬರುವ ಖಾತ್ರಿ ಇಲ್ಲ ಅಂತ ನೀವೇ ಹೇಳಿದ್ದೀರಿ. ನಮಗೆ ಬರುವ ಸ್ಯಾಂಪಲ್‌ಗಳಲ್ಲಿ ಅರ್ಧಕ್ಕರ್ಧ ಹಾಳಾಗುವುದು ಎರಡು ಕಾರಣಕ್ಕೆ: ತುಂಡು ಮೇಲುಮೇಲಿನದು, ಇಲ್ಲವೇ ಇದ್ದ ಒಂದೇ ತುಂಡನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟಿರುವುದು.

ಹಬ್ಬುತ್ತಿರುವ ಎತ್ತರದ ಅಂಚಿನಿಂದ ತೆಗೆಯಿರಿ, ನಡುವಿನ ಕಲೆಯಿಂದಲ್ಲ. ಮರಗಟ್ಟಿಸಲು ಕಾಲಿಗೆ 2 ಶೇಕಡಾ ಲಿಗ್ನೋಕೇನ್ ಅಡ್ರಿನಾಲಿನ್ ಜೊತೆಗಿದ್ದರೆ ರಕ್ತ ಕಡಿಮೆ. ಇಂಥ ದಪ್ಪ ಪ್ಲಾಕ್‌ನಲ್ಲಿ 3 ಮಿ.ಮೀ. ಪಂಚ್ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. 5 ಅಥವಾ 6 ಮಿ.ಮೀ. ಪಂಚ್ ಬಳಸಿ, ಸಾಧ್ಯವಾದರೆ ಬ್ಲೇಡ್‌ನಿಂದ ಹಲಸಿನ ಬೀಜದ ಆಕಾರಕ್ಕೆ ಕೊಯ್ದು ಹಳದಿ ಕೊಬ್ಬು ಕಾಣುವವರೆಗೆ ಇಳಿಯಿರಿ. ಮೇಲಿನ ಪದರ ಮಾತ್ರ ಬಂದರೆ ನಮಗೆ ಕಾಣುವುದು ಬೇಕಾಬಿಟ್ಟಿ ಬೆಳೆದ ಎಪಿಡರ್ಮಿಸ್. ಅದನ್ನು ಕ್ಯಾನ್ಸರ್ ಎಂದು ಓದಿಬಿಡುವ ಅಪಾಯ ನಿಜವಾಗಿಯೂ ಇದೆ, ಕಾಲು ತೆಗೆಯುವ ಮಾತಿನ ತನಕ ಹೋಗುತ್ತದೆ.

ತುಂಡನ್ನು ಎರಡು ಮಾಡಿ. ಒಂದು 10 ಶೇಕಡಾ ಫಾರ್ಮಲಿನ್‌ಗೆ, ದ್ರವ ತುಂಡಿನ ಹತ್ತು ಪಟ್ಟು ಇರಲಿ. ಇನ್ನೊಂದು ಬರೀ ಸ್ಟೆರೈಲ್ ಸಲೈನ್‌ನಲ್ಲಿ, ಅದೇ ದಿನ ಲ್ಯಾಬ್‌ಗೆ. ಫಾರ್ಮಲಿನ್ ತಾಕಿದ ತುಂಡಿನಲ್ಲಿ ಕಲ್ಚರ್ (ಲ್ಯಾಬ್‌ನಲ್ಲಿ ರೋಗಾಣು ಬೆಳೆಸುವುದು) ಆಗುವುದಿಲ್ಲ. ಸಲೈನಿನ ತುಂಡಿನಿಂದ ಫಂಗಲ್ ಕಲ್ಚರ್, ಟಿಬಿ ಕಲ್ಚರ್, ಸಿಬಿನ್ಯಾಟ್ (ಟಿಬಿಯ ಜೀನ್ ಪರೀಕ್ಷೆ) ಮೂರನ್ನೂ ಕೇಳಿ. ಚರ್ಮದ ಟಿಬಿಯಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ತೀರಾ ಕಡಿಮೆ, ಆದ್ದರಿಂದ ಸಿಬಿನ್ಯಾಟ್ ನೆಗೆಟಿವ್ ಬಂದರೆ ಟಿಬಿ ಇಲ್ಲ ಅಂತ ಅರ್ಥವಲ್ಲ. ಕ್ರೋಮೋ ಫಂಗಸ್ ನಿಧಾನ, ನಾಲ್ಕರಿಂದ ಆರು ವಾರ ತಟ್ಟೆ ಬಿಸಾಡಬೇಡಿ ಎಂದು ಚೀಟಿಯಲ್ಲಿ ಬರೆಯಿರಿ.

ಚೀಟಿ ಅಂದಮೇಲೆ: 'ಸ್ಕಿನ್ ಬಯಾಪ್ಸಿ, ಎಚ್‌ಪಿಇ' (ಅಂಗಾಂಶ ಪರೀಕ್ಷೆ) ಅಂತಷ್ಟೇ ಬರೆದು ಕಳಿಸಬೇಡಿ. ಎಷ್ಟು ವರ್ಷ, ಮುಳ್ಳು ಚುಚ್ಚಿದ್ದು, ಸ್ಟೆರಾಯ್ಡ್ ಹಚ್ಚಿದ್ದು, ಅನುಮಾನ ಕ್ರೋಮೋ ಮತ್ತು ಟಿಬಿ ಮೇಲೆ ಎಂದು ಬರೆದರೆ ನಾವು ಇನ್ನೂ ನಾಲ್ಕು ಸೆಕ್ಷನ್ ಕತ್ತರಿಸಿ ಹುಡುಕುತ್ತೇವೆ. ಕಂದು ಕಣ ಮಾಮೂಲಿ ಎಚ್‌&ಇ ಬಣ್ಣದಲ್ಲೇ ಕಾಣುತ್ತದೆ, ಮೈಕ್ರೋಆಬ್ಸೆಸ್ (ಸಣ್ಣ ಕೀವಿನ ಗೂಡು) ಮತ್ತು ದೈತ್ಯಕೋಶಗಳ ಒಳಗೆ ಹುಡುಕಬೇಕು. ಪಿಎಎಸ್, ಜಿಎಂಎಸ್ ಎಂಬ ಫಂಗಸ್ ತೋರಿಸುವ ಬಣ್ಣ ಹಾಕಿದರೆ ಅದರ ಸ್ವಂತ ಬಣ್ಣ ಮುಚ್ಚಿಹೋಗುತ್ತದೆ, ಮೊದಲು ಎಚ್‌&ಇ ನೋಡಿಯೇ ಮುಂದಿನದು.

ಮರುಪ್ರಶ್ನೆ: ವೈದ್ಯಾಧಿಕಾರಿ

ಕಪ್ಪು ಚುಕ್ಕಿ ಇವೆ! ಕೆಓಎಚ್‌ನಲ್ಲಿ ಅಡ್ಡಗೋಡೆ ಇರುವ ಕಂದು ಕಣ ಸಿಕ್ಕವು, ಬಯಾಪ್ಸಿಯನ್ನೂ ಎರಡು ಭಾಗ ಮಾಡಿ ಕಳಿಸಿದ್ದೇನೆ. ವರದಿ ಬರುವವರೆಗೆ ಎಟಿಟಿ ಮತ್ತು ಇಟ್ರಾಕೊನಜೋಲ್ ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಹೇಗೆ? ಯಾವುದೋ ಒಂದು ಕೆಲಸ ಮಾಡುತ್ತದಲ್ಲ.

ಉತ್ತರ: ಚರ್ಮರೋಗ ತಜ್ಞ, ಮೆಡಿಕಲ್ ಕಾಲೇಜು

ದಯವಿಟ್ಟು ಹಾಗೆ ಮಾಡಬೇಡಿ ಡಾಕ್ಟ್ರೇ. ಎಟಿಟಿಯಲ್ಲಿರುವ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಕೆರಳಿಸಿ ರಕ್ತದಲ್ಲಿನ ಇಟ್ರಾಕೊನಜೋಲ್ ಅನ್ನು ಹೆಚ್ಚುಕಮ್ಮಿ ಖಾಲಿ ಮಾಡಿಬಿಡುತ್ತದೆ. ಇನ್ನೊಂದು ಫಂಗಸ್ ಔಷಧಿ ಟೆರ್ಬಿನಾಫಿನ್ ಕೂಡ ಎರಡು ಪಟ್ಟು ಬೇಗ ಹೊರಹೋಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಎರಡು ವಾರ ಅದರ ಪ್ರಭಾವ ಇರುತ್ತದೆ. ಆರು ತಿಂಗಳು ಎರಡೂ ಕೊಟ್ಟು 'ಫಂಗಸ್ ಔಷಧಿಗೆ ಬಗ್ಗಲಿಲ್ಲ' ಅಂತ ಬರೆದು ಕಳಿಸಿದ ಚೀಟಿಗಳ ಹಿಂದಿನ ಕಥೆ ಬಹುಪಾಲು ಇದೇ.

ಎಟಿಟಿ ಪ್ರಯೋಗಕ್ಕೂ ಜಾಗ ಇದೆ, ನಾನು ಇಲ್ಲವೆನ್ನುವುದಿಲ್ಲ. ಬಯಾಪ್ಸಿಯಲ್ಲಿ ಗ್ರ್ಯಾನುಲೋಮಾ (ಉರಿಯೂತದ ಕೋಶಗಳ ಗಂಟು) ಇದ್ದು, ಪದೇ ಪದೇ ಹುಡುಕಿದರೂ ಫಂಗಸ್ ಸಿಗದೆ, ಟಿಬಿ ಹೊಂದುವಂತಿದ್ದರೆ ಕೊಡಬಹುದು. ಆಗ ನಾಲ್ಕರಿಂದ ಆರು ವಾರದೊಳಗೆ ಪ್ಲಾಕ್ ತೆಳುವಾಗಲು ಶುರುವಾಗಬೇಕು, ಆಗದಿದ್ದರೆ ರೋಗ ಬೇರೆ ಎಂದು ತಿಳಿದು ಮತ್ತೆ ಬಯಾಪ್ಸಿ. ನಿಮ್ಮ ರೋಗಿಗೆ ಅಡ್ಡಗೋಡೆಯ ಕಣ ಸಿಕ್ಕಿದೆ, ಅಲ್ಲಿಗೆ ಆ ಮಾತು ಮುಗಿಯಿತು.

ಶುರುವಿಗೆ ಇಟ್ರಾಕೊನಜೋಲ್ 200 ಮಿ.ಗ್ರಾಂ. ದಿನಕ್ಕೆರಡು ಸಲ. ಕಡಿಮೆಯೆಂದರೆ ಆರು ತಿಂಗಳು, ಇಷ್ಟು ದೊಡ್ಡ ಪ್ಲಾಕ್‌ಗೆ ಒಂದು ವರ್ಷಕ್ಕೂ ಮೇಲೆ ಬೇಕಾಗಬಹುದು, ರೋಗಿಗೆ ಮೊದಲ ದಿನವೇ ಹೇಳಿಬಿಡಿ. ಮೂರು ವಾರ ಕೊಟ್ಟು ಬಿಟ್ಟದ್ದು ಔಷಧಿಯ ಸೋಲಲ್ಲ, ಶುರುವೇ ಆಗಿರಲಿಲ್ಲ. ಮೊದಲು ಎಲ್‌ಎಫ್‌ಟಿ (ಲಿವರ್ ಪರೀಕ್ಷೆ), ಪೊಟ್ಯಾಸಿಯಂ, ಇಸಿಜಿ, ಎಲ್‌ಎಫ್‌ಟಿ ತಿಂಗಳಿಗೊಮ್ಮೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಬೇಡ. ನಡುವೆ ಕಾಲು ಊದಿದರೆ, ಬಿಪಿ ಏರಿದರೆ, ಉಸಿರು ಕಟ್ಟಿದರೆ ಔಷಧಿ ನಿಲ್ಲಿಸಿ ನೋಡಬೇಕು. ಇಟ್ರಾ ಆಗದವರಿಗೆ ಟೆರ್ಬಿನಾಫಿನ್ ದಿನಕ್ಕೆ 250ರಿಂದ 500 ಮಿ.ಗ್ರಾಂ. ಪೊಟ್ಯಾಸಿಯಂ ಅಯೋಡೈಡ್ ತೊಟ್ಟು ಇನ್ನೊಂದು ಫಂಗಸ್ ಸೋಂಕಾದ ಸ್ಪೋರೋಟ್ರೈಕೋಸಿಸ್‌ಗೆ ಒಳ್ಳೆಯದು, ಇಲ್ಲಿ ಅದನ್ನು ನಂಬಿ ಕೂರಬೇಡಿ.

ಕೆರೆದು ತೆಗೆಯುವುದು, ಕಾಟರಿಯಲ್ಲಿ ಸುಡುವುದು ಬೇಡವೇ ಬೇಡ, ಫಂಗಸ್ ಪಕ್ಕಕ್ಕೆ ಹರಡುತ್ತದೆ. ಒಂದೆರಡು ಸೆಂ.ಮೀ. ಗಾಯವಾದರೆ ಸುತ್ತ ಆರೋಗ್ಯವಾದ ಚರ್ಮ ಸೇರಿಸಿ ಪೂರ್ತಿ ಕೊಯ್ದು ತೆಗೆಯಬಹುದು. ನಿಮ್ಮಲ್ಲಿ ಮೂರ್ನಾಲ್ಕು ತಿಂಗಳ ಮಾತ್ರೆಯ ಮೇಲೆ ಪ್ಲಾಕ್ ತೆಳುವಾದಾಗ ಉಳಿದ ಗಂಟುಗಳಿಗೆ ಲಿಕ್ವಿಡ್ ನೈಟ್ರೋಜನ್ ಕ್ರಯೋ (ಹೆಪ್ಪುಗಟ್ಟಿಸುವ ಚಿಕಿತ್ಸೆ) ಮಾಡಿಸಿ. ಒಂದು ಸಲಕ್ಕೆ ಒಂದು ತುಣುಕು ಜಾಗ ಮಾತ್ರ, ಎರಡರಿಂದ ನಾಲ್ಕು ವಾರ ಬಿಟ್ಟು ಮುಂದಿನದು. ನಮ್ಮ ಚರ್ಮದಲ್ಲಿ ಬಿಳಿ ಕಲೆ ಉಳಿಯುತ್ತದೆ, ತೊನ್ನು ಅಂತ ಗಾಬರಿಯಾಗದಂತೆ ಮೊದಲೇ ತಿಳಿಸಿ. ಫಂಗಸ್‌ಗೆ 42 ಡಿಗ್ರಿಯ ಆಸುಪಾಸಿನ ಶಾಖ ಆಗಿಬರುವುದಿಲ್ಲ, ಮಾತ್ರೆಯ ಜೊತೆಗೆ ಶಾಖ ಕೊಡುವ ಪದ್ಧತಿಯೂ ಇದೆ. ಆದರೆ ಸ್ಪರ್ಶ ಕಡಿಮೆ ಇರುವ ಕಾಲಿಗೆ ಬಿಸಿನೀರಿನ ಚೀಲ ಕೊಟ್ಟು ಮನೆಗೆ ಕಳಿಸಬೇಡಿ, ಬೊಬ್ಬೆ ಎದ್ದು ಬರುತ್ತಾರೆ.

ಪ್ರತಿ ತಿಂಗಳು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದೇ ಬೆಳಕಲ್ಲಿ ಫೋಟೋ ತೆಗೆಯಿರಿ. ತುರಿಕೆ ನಿಂತು, ಎಲ್ಲ ಚಪ್ಪಟೆ ಕಲೆಯಾಗಿ, ಸತತ ಮೂರು ತಿಂಗಳು ಕೆಓಎಚ್ ಮತ್ತು ಕಲ್ಚರ್ ನೆಗೆಟಿವ್ ಬಂದ ಮೇಲೆ ಮಾತ್ರ ನಿಲ್ಲಿಸುವ ಮಾತು.

ಉತ್ತರ: ಕ್ಲಿನಿಕಲ್ ಫಾರ್ಮಸಿಸ್ಟ್

ಆ ಹಳೆಯ ಚೀಟಿಯ ಬಗ್ಗೆ ಎರಡು ಮಾತು. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕೇಬೇಕು. ಪ್ಯಾಂಟೊಪ್ರಜೋಲ್ ಕೊಟ್ಟರೆ ಔಷಧಿಯ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಡಾಂಪೆರಿಡೋನ್ ಅದಕ್ಕಿಂತ ಅಪಾಯ: ಇಟ್ರಾ ಅದರ ಮಟ್ಟ ಏರಿಸಿ ಹೃದಯದ ಲಯ ಕೆಡಿಸಬಹುದು, ಎರಡನ್ನೂ ಒಟ್ಟಿಗೆ ಕೊಡಲೇಬಾರದು. 'ಗ್ಯಾಸ್‌ಗೆ ಒಂದು' ಅಂತ ಅಭ್ಯಾಸಬಲದಿಂದ ಬರೆಯುವ ಆ ಒಂದು ಸಾಲನ್ನು ಹೊಡೆದುಹಾಕಿ. ಕೊಲೆಸ್ಟ್ರಾಲ್ ಮಾತ್ರೆ ಸಿಮ್ವಸ್ಟಾಟಿನ್ ಇದ್ದರೆ ಅದೂ ಬೇಡ.

ಕ್ಯಾಪ್ಸೂಲ್ ಹೊಟ್ಟೆತುಂಬ ಊಟವಾದ ಕೂಡಲೇ ನುಂಗಬೇಕು, ಬೆಳಗ್ಗೆ ಬರೀ ಚಹಾ ಕುಡಿದು ಅಲ್ಲ. ತೋಟಕ್ಕೆ ಏಳಕ್ಕೇ ಹೋಗುವವರಾದರೆ ಮಧ್ಯಾಹ್ನದ ಊಟ ಮತ್ತು ರಾತ್ರಿ ಊಟದ ಮೇಲೆ ಅಂತ ಬರೆದುಕೊಡಿ. ಎದೆಯುರಿ ತಡೆಯದಿದ್ದರೆ ಆಂಟಾಸಿಡ್, ಎರಡು ಗಂಟೆ ಅಂತರದಲ್ಲಿ. ಕಂಪನಿ ಬದಲಾದಾಗಲೂ ಗಮನಿಸಿ. ಒಳಗಿನ ಕಾಳುಗಳ ಗಾತ್ರ, ಸಂಖ್ಯೆ ಒಂದೊಂದರಲ್ಲಿ ಒಂದೊಂದು ಥರ, ಹೀರಿಕೊಳ್ಳುವುದೂ ಹಾಗೇ ಏರುಪೇರು. ಒಂದು ಕಂಪನಿಯದನ್ನೇ ಕೊನೆತನಕ ಕೊಡಿಸಿ. ಅಂಗಡಿಯಲ್ಲಿ 'ಸೂಪರ್ ಬಯೋಅವೈಲಬಲ್' (ಮೈ ಹೆಚ್ಚು ಹೀರಿಕೊಳ್ಳುವ) 65 ಮಿ.ಗ್ರಾಂ. ಕೊಟ್ಟರೆ ಅದು ಹಳೆಯ 100ಕ್ಕೆ ಸಮ, ಆ ಲೆಕ್ಕ ಹಿಡಿದೇ ಡೋಸ್ ಬರೆಯಬೇಕು.

ಉತ್ತರ: ಚರ್ಮರೋಗ ತಜ್ಞೆ

ಕ್ಲೋಬೆಟಸಾಲ್ ಟ್ಯೂಬು ಮನೆಯಲ್ಲಿ ಇನ್ನೂ ಇರುತ್ತದೆ, ತರಿಸಿ ನೀವೇ ತೆಗೆದಿಟ್ಟುಕೊಳ್ಳಿ. ತುರಿಕೆಗೆ ರಾತ್ರಿ ಲಿವೊಸೆಟಿರಿಜಿನ್ ಸಾಕು. ಮತ್ತೆ ತೋಟಕ್ಕೆ ಹೋಗುವಾಗ ಗಂಬೂಟು. ಮಳೆಗಾಲದಲ್ಲಿ ಒಳಗೆ ನೀರು ನಿಂತು ಬೆರಳಸಂದಿ ಕೊಳೆಯುತ್ತದೆ, ಸಂಜೆ ಮಗುಚಿ ಒಣಗಿಸಲು ಹೇಳಿ.